ವಾಸವಶಕ್ತಿ: ಒಮ್ಮೆ ಮಾತ್ರ ಎಸೆಯಬಹುದಾಗಿದ್ದ ಈಟಿ

ಮಾನವನು ತನ್ನ ಕೈಯಾರೆ ಮಾಡಿಕೊಂಡ ಆಯುಧಗಳಲ್ಲಿ ಈಟಿಯು ಅತ್ಯಂತ ಪುರಾತನವಾದವುಗಳಲ್ಲೊಂದು. ನೆಟ್ಟನೆಯ ಕೋಲು, ಅದರ ತುದಿಗೆ ಚೂಪಾದ ಮೊನೆ. ಇಷ್ಟೇ ಅದರ ರಚನೆ. ಕತ್ತಿಗೆ ಕಮ್ಮಾರನ ಕುಲುಮೆ ಬೇಕು. ಬಿಲ್ಲಿಗೆ ಹೆದೆಯೂ ಬಾಣವೂ ಬೇಕು. ಈಟಿಗಾದರೋ ಕೆತ್ತಿ ಚೂಪುಗೊಳಿಸಿದ ಮರದ ಕೋಲೊಂದಿದ್ದರೂ ಸಾಕು. ಜರ್ಮನಿ ದೇಶದ ಶೋನಿಂಗೆನ್ ಎಂಬಲ್ಲಿ 1990ರ ದಶಕದಲ್ಲಿ ಗಣಿಯೊಂದರ ನೆಲದಿಂದ ದೊರೆತ ಮರದ ಈಟಿಗಳು ಎರಡು ಮೂರು ಲಕ್ಷ ವರ್ಷಗಳಷ್ಟು ಹಳೆಯವೆಂದು ಪಂಡಿತರು ಗಣಿಸಿರುವರು. ಲೋಹವನ್ನು ಕರಗಿಸುವ ವಿದ್ಯೆ ಕೈಗೂಡುವುದಕ್ಕೆ ಬಹು ಪೂರ್ವದಲ್ಲಿಯೇ ಮನುಷ್ಯಕುಲದ ಕೈ ಈಟಿಯನ್ನು ಹಿಡಿದಿತ್ತು.

ಕನ್ನಡದಲ್ಲಿ ಇದಕ್ಕೆ ಈಟಿ, ಭರ್ಜಿ, ಸಬಳ ಎಂಬ ಹೆಸರುಗಳುಂಟು. ಸಂಸ್ಕೃತದಿಂದ ಕುಂತ, ಪ್ರಾಸ, ತೋಮರ, ಶಕ್ತಿ ಮುಂತಾದ ಮಾತುಗಳು ನಮ್ಮ ಕಾವ್ಯಗಳಿಗೆ ಬಂದಿವೆ. ಹಡಪಸರದ ನಮ್ಮ ನೆರೆಹೊರೆಯವರು ಇದನ್ನು ಮರಾಠಿಯಲ್ಲಿ ‘ಭಾಲಾ’ ಎನ್ನುವರು. ಆಟದ ಬಯಲಿನಲ್ಲಿ ಇದನ್ನೇ ಎಸೆಯುವ ಸ್ಪರ್ಧೆ ‘ಭಾಲಾಫೇಕ್’. 2021ನೆಯ ಇಸವಿಯ ಆಗಸ್ಟ್ 7ರಂದು ಟೋಕಿಯೋ ಒಲಿಂಪಿಕ್ ಕೂಟದಲ್ಲಿ ನೀರಜ್ ಚೋಪ್ರಾ ಅವರು 87.58 ಮೀಟರು ದೂರ ಈಟಿಯನ್ನೆಸೆದು ಚಿನ್ನದ ಪದಕ ಗಳಿಸಿದುದನ್ನು ನೀವೆಲ್ಲ ಬಲ್ಲಿರಿ. ಅದೇ ತಿಂಗಳಲ್ಲಿ ನಮ್ಮ ಪುಣೆಯ ಸೈನಿಕ ಕ್ರೀಡಾ ಸಂಸ್ಥೆಯ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಡಲಾಯಿತು. ಆ ಸ್ಪರ್ಧೆಯ ಈಟಿಯ ತೂಕ 800 ಗ್ರಾಮು; ಅಂತಿಮ ಸುತ್ತಿನಲ್ಲಿ ಮುಂದಿರುವ ಆಟಗಾರನಿಗೆ ಎಸೆಯಲು ಆರು ಅವಕಾಶಗಳು. ಒಂದು ಎಸೆತ ತಪ್ಪಿದರೆ ಇನ್ನೊಂದರಲ್ಲಿ ಸರಿಪಡಿಸಿಕೊಳ್ಳಬಹುದು.

ಪ್ರಿಯ ವಿದ್ಯಾರ್ಥಿಗಳೇ, ಒಬ್ಬ ವೀರನಿಗೆ ಒಂದೇ ಒಂದು ಎಸೆತವಿದ್ದು, ಅದು ಎಂದಿಗೂ ಗುರಿ ತಪ್ಪದೆಂಬ ಭರವಸೆಯೂ ಇದ್ದರೆ ಅವನು ಏನು ಮಾಡುವನು? ಅದನ್ನು ಯಾವಾಗ ಎಸೆಯುವನು, ಯಾರಿಗಾಗಿ ಎಸೆಯುವನು? ಮಹಾಭಾರತದ ಕರ್ಣನಿಗೆ ಇಂಥದೊಂದು ಈಟಿ ದೊರಕಿತ್ತು. ಅದರ ಚರಿತ್ರೆಯನ್ನೇ ಈ ಪಾಠದಲ್ಲಿ ವಿಚಾರಿಸೋಣ.

ಆಯುಧದ ಹೆಸರುಗಳು

‘ಶಕ್ತಿ’ ಎಂದೊಡನೆ ನಾವು ಇಂದು ಬಲ, ಸಾಮರ್ಥ್ಯ ಎಂಬ ಅರ್ಥವನ್ನೇ ತೆಗೆದುಕೊಳ್ಳುವೆವು. ಆದರೆ ಹಳೆಯ ಗ್ರಂಥಗಳಲ್ಲಿ ಶಕ್ತಿ ಎಂಬುದು ಎಸೆಯುವ ಒಂದು ಬಗೆಯ ಈಟಿಯ ಹೆಸರೂ ಹೌದು. ಕುಕ್ಕೆಯಲ್ಲಿ ಪೂಜೆಗೊಳ್ಳುವ ಸುಬ್ರಹ್ಮಣ್ಯಸ್ವಾಮಿಗೆ ‘ಶಕ್ತಿಧರ’ ಎಂಬ ಹೆಸರಿದೆ; ಅವನ ಕೈಯಲ್ಲಿ ಕಾಣುವ ಈಟಿಯೇ ಆ ಶಕ್ತಿ. ತಮಿಳರು ಅದನ್ನು ‘ವೇಲ್’ ಎಂದು ಕರೆದು ಪೂಜಿಸುವರು. ಆದುದರಿಂದ ‘ಕರ್ಣನು ಶಕ್ತಿಯನ್ನು ಎಸೆದನು’ ಎಂದು ಓದಿದಾಗ ಅವನು ತನ್ನ ಬಲವನ್ನೆಲ್ಲ ಹಾಕಿದನೆಂದು ತಿಳಿಯಬಾರದು, ಈಟಿಯನ್ನೆಸೆದನೆಂದೇ ತಿಳಿಯತಕ್ಕದ್ದು.

ಕರ್ಣನ ಈ ಈಟಿಗೆ ಒಂದಲ್ಲ, ಹಲವು ಹೆಸರುಗಳು. ವಾಸವನೆಂದರೆ ಇಂದ್ರ, ಅವನದಾದುದರಿಂದ ಅದು ವಾಸವಶಕ್ತಿ ಅಥವಾ ವಾಸವೀ ಶಕ್ತಿ. ಮೋಘವೆಂದರೆ ವ್ಯರ್ಥವಾದುದು; ವ್ಯರ್ಥವಾಗದ್ದರಿಂದ ಅಮೋಘಶಕ್ತಿ. ದ್ರೋಣಪರ್ವದಲ್ಲಿ ಅದಕ್ಕೆ ‘ವೈಜಯಂತಿ’ ಎಂಬ ಹೆಸರೂ ಬರುತ್ತದೆ. ಜಯವನ್ನು ತರುವಂಥದು ಎಂಬುದು ಇದರ ಭಾವ. ಒಡೆಯನಿಂದ ಬಂದ ಹೆಸರೊಂದು, ಗುಣದಿಂದ ಬಂದ ಹೆಸರೊಂದು, ಫಲದಿಂದ ಬಂದ ಹೆಸರೊಂದು. ಈ ಮೂರರಲ್ಲಿ ಕೊನೆಯ ಹೆಸರು ಎಷ್ಟರಮಟ್ಟಿಗೆ ನಿಜವಾಯಿತೆಂಬುದನ್ನು ಮುಂದೆ ನೋಡುವೆವು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಕರ್ಣನ ಆಯುಧವೆಂದರೆ ಸರ್ಪಾಸ್ತ್ರವೊಂದೇ ಎಂದು ಹಲವರು ಭಾವಿಸುವುದುಂಟು. ಸರ್ಪಾಸ್ತ್ರವು ಬಾಣ, ಕರ್ಣನು ಅದನ್ನು ಯುದ್ಧದ ಹದಿನೇಳನೆಯ ದಿನ ಅರ್ಜುನನ ಮೇಲೆ ಬಿಟ್ಟನು, ಕೃಷ್ಣನು ರಥವನ್ನು ಕೆಳಕ್ಕೆ ತುಳಿದುದರಿಂದ ಅದು ಅರ್ಜುನನ ಕಿರೀಟವನ್ನು ಮಾತ್ರ ಹಾರಿಸಿತು. ವಾಸವಶಕ್ತಿಯ ಕಥೆ ಅದಕ್ಕಿಂತ ಮೂರು ದಿನ ಮುಂಚೆಯೇ, ಹದಿನಾಲ್ಕನೆಯ ದಿನದ ರಾತ್ರಿಯಲ್ಲಿಯೇ ಮುಗಿದುಹೋಗಿತ್ತು.

ಈ ಕಥೆ ನಮಗೆ ಬಂದ ದಾರಿ

ಕನ್ನಡಿಗರಿಗೆ ಕರ್ಣನು ಬಹು ಹತ್ತಿರದವನು. ಕ್ರಿ. ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪಕವಿಯು ಅರ್ಜುನನನ್ನು ಕಥಾನಾಯಕನನ್ನಾಗಿ ಮಾಡಿಕೊಂಡಿದ್ದರೂ ಕರ್ಣನ ಸತ್ಯವನ್ನೂ ತ್ಯಾಗವನ್ನೂ ಮನಸಾರೆ ಕೊಂಡಾಡಿರುವನು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನ ಕೃತಿಯು ಊರೂರ ಗುಡಿಕಟ್ಟೆಗಳಲ್ಲಿ ಓದಿಸಿಕೊಂಡು ಬಂದಿದೆ. ಅಕ್ಷರ ಬಾರದ ನಮ್ಮ ಅಜ್ಜಂದಿರೂ ದೊಡ್ಡಾಟದ ರಂಗದಲ್ಲಿ ಕರ್ಣನನ್ನು ಕಂಡು ಕಣ್ಣೀರಿಟ್ಟವರು. ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ಮನೆಗಳಲ್ಲಿ ಪಾತ್ರೆಪಗಡಗಳೊಡನೆ ಈ ಕಥೆಗಳೂ ಬಂದಿವೆ.

ನಾವು ವಾಸಿಸುವ ಈ ಪುಣೆಗೂ ಮಹಾಭಾರತಕ್ಕೂ ದೊಡ್ಡ ಸಂಬಂಧವೊಂದುಂಟು. ಇಲ್ಲಿಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1917ರಲ್ಲಿ ಸ್ಥಾಪಿತವಾಯಿತು. ದೇಶದಾದ್ಯಂತ ದೊರೆತ ಮಹಾಭಾರತದ ಹಸ್ತಪ್ರತಿಗಳನ್ನು ಕೂಡಿಸಿ, ಒಂದನ್ನೊಂದಕ್ಕೆ ತಾಳೆನೋಡಿ, ಹಳೆಯ ಪಾಠ ಯಾವುದೆಂದು ನಿರ್ಣಯಿಸುವ ಕಾರ್ಯವನ್ನು ಆ ಸಂಸ್ಥೆ 1919ರಲ್ಲಿ ಕೈಗೊಂಡಿತು. ಶಾರದಾ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಮೊದಲಾದ ಲಿಪಿಗಳ ಪ್ರತಿಗಳನ್ನು ಪಂಡಿತರು ಅಕ್ಷರಕ್ಕಕ್ಷರ ಹೋಲಿಸಿದರು. ವಿ. ಎಸ್. ಸುಖಠಣಕರ್ ಅವರು ಪ್ರಧಾನ ಸಂಪಾದಕರಾಗಿ ಈ ಕಾರ್ಯಕ್ಕೆ ಅಡಿಪಾಯ ಹಾಕಿ 1943ರಲ್ಲಿ ತೀರಿಕೊಂಡರು. ಕಾರ್ಯವು ಮುಗಿದುದು 1966ರಲ್ಲಿ. ಸುಖಠಣಕರರೇ ಸಂಪಾದಿಸಿದ ಆರಣ್ಯಕಪರ್ವದಲ್ಲಿ ಕರ್ಣನಿಗೆ ಈಟಿ ದೊರೆತ ಕಥೆಯಿದೆ. ಸುಶೀಲಕುಮಾರ ಡೇ ಅವರು ಸಂಪಾದಿಸಿದ ದ್ರೋಣಪರ್ವದಲ್ಲಿ ಅದು ಕೈಬಿಟ್ಟ ಕಥೆಯಿದೆ. ಹಡಪಸರದಿಂದ ಕೆಲವೇ ಮೈಲಿಗಳಾಚೆ ಇಂಥ ಕಾರ್ಯ ನಡೆಯಿತೆಂಬುದನ್ನು ನಮ್ಮ ಶಾಲೆಯ ಮಕ್ಕಳು ಅರಿತಿರಬೇಕು.

ಈಟಿ ದೊರೆತ ಬಗೆ

ಕರ್ಣನು ಮೈಗಂಟಿದ ಕವಚದೊಡನೆಯೂ ಕಿವಿಯ ಕುಂಡಲಗಳೊಡನೆಯೂ ಹುಟ್ಟಿದವನು. ಅವು ಇರುವವರೆಗೆ ಅವನನ್ನು ಗೆಲ್ಲುವುದು ಅಸಾಧ್ಯ. ಮಧ್ಯಾಹ್ನ ನೀರಿನಲ್ಲಿ ನಿಂತು ಸೂರ್ಯನನ್ನು ಪೂಜಿಸುವ ಹೊತ್ತಿನಲ್ಲಿ ಬ್ರಾಹ್ಮಣರು ಬಂದು ಏನು ಬೇಡಿದರೂ ಕೊಡುವುದು ಅವನ ವ್ರತ. ಪಾಂಡವರ ವನವಾಸದ ಹನ್ನೆರಡು ವರ್ಷಗಳು ಮುಗಿದ ಸಮಯದಲ್ಲಿ, ತನ್ನ ಮಗನಾದ ಅರ್ಜುನನ ಹಿತಕ್ಕಾಗಿ ಇಂದ್ರನು ಬ್ರಾಹ್ಮಣವೇಷದಿಂದ ಬಂದು ಕವಚಕುಂಡಲಗಳನ್ನು ಬೇಡಲು ನಿಶ್ಚಯಿಸಿದನು.

ಇದನ್ನರಿತ ಸೂರ್ಯನು ಕರ್ಣನಿಗೆ ಕನಸಿನಲ್ಲಿ ಕಾಣಿಸಿಕೊಂಡು ಎಚ್ಚರಿಕೆ ಕೊಟ್ಟನು. ಬದುಕಿದ್ದವನಿಗೆ ಕೀರ್ತಿ ಒಪ್ಪುವುದೇ ಹೊರತು ಸತ್ತವನಿಗೆ ಅದರಿಂದ ಏನು ಸುಖವೆಂದು ಬುದ್ಧಿ ಹೇಳಿದನು. ಕರ್ಣನು ಒಪ್ಪಲಿಲ್ಲ, ಬೇಡಿದವನನ್ನು ಬರಿಗೈಯಲ್ಲಿ ಕಳಿಸಿ ಪಡೆವ ದೀರ್ಘಾಯುಷ್ಯಕ್ಕಿಂತ ಕೊಟ್ಟು ಪಡೆವ ಯಶಸ್ಸೇ ತನಗೆ ಹೆಚ್ಚೆಂದನು. ಆಗ ಸೂರ್ಯನು, ಹಾಗೆ ಕೊಡುವುದೇ ಆದರೆ ಬದಲಿಗೆ ಇಂದ್ರನ ಅಮೋಘವಾದ ಶಕ್ತಿಯನ್ನಾದರೂ ಕೇಳಿಕೊ ಎಂದು ಉಪಾಯ ಹೇಳಿಕೊಟ್ಟನು. ಮಗನ ಹಟವನ್ನು ಮುರಿಯಲಾರದ ತಂದೆಯು ಅವನ ಜೀವವನ್ನು ಉಳಿಸಲು ಮಾಡಿದ ಕೊನೆಯ ಪ್ರಯತ್ನವಿದು. ಒಬ್ಬ ತಂದೆ ಬೇಡಲು ಬರುತ್ತಾನೆ, ಇನ್ನೊಬ್ಬ ತಂದೆ ಎಚ್ಚರಿಸಲು ಬರುತ್ತಾನೆ; ಇಬ್ಬರೂ ದೇವತೆಗಳು, ಇಬ್ಬರೂ ಬಂದುದು ಬ್ರಾಹ್ಮಣರೂಪದಲ್ಲಿಯೇ.

ಇಂದ್ರನು ಬಂದು ಬೇಡಿದಾಗ ಕರ್ಣನು ಭೂಮಿ, ಗೋವು ಮೊದಲಾದುವನ್ನು ಕೊಡುವೆನೆಂದನು, ಇಂದ್ರನು ಒಪ್ಪಲಿಲ್ಲ. ಕಡೆಗೆ ಕರ್ಣನು ಬಂದವನು ಯಾರೆಂಬುದು ತನಗೆ ಗೊತ್ತೆಂದು ನಗುತ್ತ ತಿಳಿಸಿ, ಶಕ್ತಿಯನ್ನು ಕೇಳಿದನು. ಇಂದ್ರನು ಒಪ್ಪಿದನು, ಆದರೆ ಕಟ್ಟಳೆಗಳನ್ನು ಹಾಕಿದನು. ‘ನನ್ನ ಕೈಯಲ್ಲಿ ಇದು ನೂರಾರು ಶತ್ರುಗಳನ್ನು ಕೊಂದು ಮತ್ತೆ ನನ್ನ ಕೈಗೇ ಬರುವುದು, ನಿನ್ನ ಕೈಯಿಂದ ಹೊರಟರೆ ಒಬ್ಬನೇ ಬಲಶಾಲಿಯನ್ನು ಕೊಂದು ನನ್ನಲ್ಲಿಗೆ ಹಿಂದಿರುಗುವುದು. ಬೇರೆ ಆಯುಧಗಳಿರುವಾಗ, ಪ್ರಾಣಕ್ಕೆ ಅಪಾಯವಿಲ್ಲದಾಗ, ಮೈಮರೆತು ಇದನ್ನು ಬಿಟ್ಟರೆ ನಿನ್ನ ಮೇಲೆಯೇ ಬೀಳುವುದು’ ಎಂಬುದು ಅವನ ಮಾತಿನ ಸಾರ. ನೀನು ಯಾರನ್ನು ಕೊಲ್ಲಬೇಕೆಂದಿರುವೆಯೋ ಅವನನ್ನು ಕೃಷ್ಣನು ಕಾಯುತ್ತಿರುವನೆಂದೂ ಹೇಳಿದನು. ಕರ್ಣನು ಎಲ್ಲವನ್ನೂ ಕೇಳಿದನು. ಕತ್ತಿಯನ್ನು ಹಿಡಿದು ತನ್ನ ಮೈಯಿಂದ ಕವಚವನ್ನು ತಾನೇ ಸುಲಿದು, ರಕ್ತದಿಂದ ತೊಯ್ದಿದ್ದಂತೆಯೇ ಕೊಟ್ಟನು.

ದಾನವೋ, ವಿನಿಮಯವೋ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬದಲಿಗೆ ಒಂದು ವಸ್ತುವನ್ನು ಕೇಳಿ ಪಡೆದಮೇಲೆ ಅದು ದಾನವಾದೀತೇ? ಸಂತೆಯಲ್ಲಿ ಜೋಳ ಕೊಟ್ಟು ಬೆಲ್ಲ ಕೊಂಡಂತಾಗಲಿಲ್ಲವೇ? ಈ ಪ್ರಶ್ನೆ ಬಹು ಹಿಂದೆಯೇ ಕವಿಯೊಬ್ಬನಿಗೆ ಹೊಳೆದಂತಿದೆ. ತಿರುವಾಂಕೂರಿನಲ್ಲಿ ಟಿ. ಗಣಪತಿಶಾಸ್ತ್ರಿಗಳು ಕಂಡುಹಿಡಿದು 1912ರಿಂದ ಅಚ್ಚುಮಾಡಿಸಿದ, ಭಾಸನವೆನ್ನಲಾದ ನಾಟಕಗಳಲ್ಲಿ ‘ಕರ್ಣಭಾರ’ವೆಂಬ ಚಿಕ್ಕ ನಾಟಕವಿದೆ. ಅದರಲ್ಲಿ ಕರ್ಣನು ಏನನ್ನೂ ಕೇಳದೆ ಕವಚಕುಂಡಲಗಳನ್ನು ಕೊಟ್ಟುಬಿಡುವನು. ಆಮೇಲೆ ಪಶ್ಚಾತ್ತಾಪಗೊಂಡ ಇಂದ್ರನು ದೂತನ ಕೈಯಲ್ಲಿ ಶಕ್ತಿಯನ್ನು ಕಳುಹಿಸುವನು. ಆ ನಾಟಕದಲ್ಲಿ ಅದರ ಹೆಸರು ‘ವಿಮಲಾ’. ಕೊಟ್ಟುದಕ್ಕೆ ಪ್ರತಿಯಾಗಿ ತಾನೇನನ್ನೂ ಸ್ವೀಕರಿಸುವುದಿಲ್ಲವೆಂದು ಕರ್ಣನು ಮೊದಲು ನಿರಾಕರಿಸುವನು. ಬ್ರಾಹ್ಮಣನ ಮಾತೆಂದು ಸ್ವೀಕರಿಸೆಂದಾಗ, ಆ ಮಾತನ್ನು ತಾನು ಎಂದೂ ಮೀರಿದವನಲ್ಲವೆಂದು ತೆಗೆದುಕೊಳ್ಳುವನು. ವಿಮಲಾ ಎಂದರೆ ಕಳಂಕವಿಲ್ಲದುದು. ಕೊಡುಕೊಳ್ಳುವಿಕೆಯ ಕಳಂಕವನ್ನು ತೊಳೆಯಲೆಂದೇ ನಾಟಕಕಾರನು ಈ ಹೆಸರನ್ನು ಆರಿಸಿದನೋ ಎನ್ನುವಷ್ಟು ಅದು ಸಂದರ್ಭಕ್ಕೆ ಒಪ್ಪುತ್ತದೆ.

ನಮ್ಮ ದೃಷ್ಟಿಯಲ್ಲಿ ವ್ಯಾಸರ ಕರ್ಣನೂ ಕೀಳಲ್ಲ. ತನ್ನನ್ನು ಯಾರಿಂದಲೂ ಕೊಲ್ಲಲಾಗದ ರಕ್ಷೆಯನ್ನು ಕೊಟ್ಟು, ಒಬ್ಬನನ್ನು ಮಾತ್ರ ಕೊಲ್ಲಬಹುದಾದ ಈಟಿಯನ್ನು ಪಡೆದವನನ್ನು ಲಾಭದ ವ್ಯಾಪಾರಿಯೆಂದು ಯಾರೂ ಹೇಳಲಾರರು.

ಹದಿನಾಲ್ಕನೆಯ ದಿನದ ರಾತ್ರಿ

ಈಟಿಯನ್ನು ಕರ್ಣನು ಅರ್ಜುನನೊಬ್ಬನಿಗಾಗಿಯೇ ಕಾಪಾಡಿಕೊಂಡು ಬಂದನು. ಕುರುಕ್ಷೇತ್ರದ ಹದಿನಾಲ್ಕನೆಯ ದಿನ ಸೂರ್ಯಾಸ್ತದ ಸಮಯಕ್ಕೆ ಜಯದ್ರಥನು ಹತನಾದನು. ಅಂದು ಎಂದಿನಂತೆ ಯುದ್ಧ ನಿಲ್ಲಲಿಲ್ಲ. ಕತ್ತಲೆಯಲ್ಲಿ ಸ್ವಪಕ್ಷ ಪರಪಕ್ಷಗಳು ತಿಳಿಯದಾದಾಗ ಕೌರವರು ದೀಪಗಳನ್ನು ಹಚ್ಚಿಸಿದರು: ರಥಕ್ಕೆ ಐದು, ಆನೆಗೆ ಮೂರು, ಕುದುರೆಗೆ ಒಂದು. ಆ ಬೆಳಕಿನಲ್ಲಿ ಕರ್ಣನು ಪಾಂಡವಸೈನ್ಯವನ್ನು ಸದೆಬಡಿಯತೊಡಗಿದನು. ಅವನಿಗೆ ಎದುರಾಗುವೆನೆಂದು ಅರ್ಜುನನು ಹೊರಟಾಗ ಕೃಷ್ಣನು ತಡೆದನು. ಇಂದ್ರನ ಶಕ್ತಿ ನಿನಗಾಗಿಯೇ ಕರ್ಣನ ಬಳಿಯಲ್ಲಿದೆ, ಈಗ ನೀನು ಹೋಗತಕ್ಕದ್ದಲ್ಲ ಎಂದನು. ಭೀಮನಿಗೆ ಹಿಡಿಂಬೆಯಲ್ಲಿ ಹುಟ್ಟಿದ ಘಟೋತ್ಕಚನನ್ನು ಕರೆಸಿ ಕರ್ಣನೆದುರಿಗೆ ಕಳುಹಿಸಿದನು.

ರಾತ್ರಿಯ ಹೊತ್ತಿನಲ್ಲಿ ರಾಕ್ಷಸರ ಬಲ ಹೆಚ್ಚುವುದೆಂದು ಹಿಂದಿನವರ ನಂಬಿಕೆ. ಘಟೋತ್ಕಚನು ಮಾಯಾಯುದ್ಧಕ್ಕೆ ತೊಡಗಿದನು. ಆಕಾಶದಿಂದ ಆಯುಧಗಳು ಮಳೆಯಾಗಿ ಸುರಿದುವು. ಕೌರವಸೈನ್ಯ ದಿಕ್ಕೆಟ್ಟು ಓಡಿತು. ಕರ್ಣನ ರಥದ ನಾಲ್ಕು ಕುದುರೆಗಳೂ ಬಿದ್ದುವು. ಕರ್ಣನು ಪ್ರಯೋಗಿಸಿದ ಅಸ್ತ್ರಗಳೆಲ್ಲ ವ್ಯರ್ಥವಾದುವು. ಆಗ ಕೌರವರೆಲ್ಲರೂ ಒಕ್ಕೊರಲಿನಿಂದ ಕರ್ಣನಿಗೆ ಮೊರೆಯಿಟ್ಟರು: ಈ ಅರ್ಧರಾತ್ರಿಯಲ್ಲಿ ನಾವೆಲ್ಲ ಸಾಯುತ್ತಿದ್ದೇವೆ, ಅರ್ಜುನನ ಚಿಂತೆ ಆಮೇಲಾಗಲಿ, ಇಂದ್ರನ ಶಕ್ತಿಯಿಂದ ಇವನನ್ನು ಕೊಲ್ಲು ಎಂದು.

ಕರ್ಣನು ಎಷ್ಟೋ ಕಾಲದಿಂದ ಪೂಜಿಸಿ ಇಟ್ಟುಕೊಂಡಿದ್ದ ಈಟಿಯನ್ನು ಕೈಗೆತ್ತಿಕೊಂಡು ಎಸೆದನು. ಅದು ರಾಕ್ಷಸಮಾಯೆಯನ್ನು ಸುಟ್ಟು, ಘಟೋತ್ಕಚನ ಎದೆಯನ್ನು ಸೀಳಿ, ನಕ್ಷತ್ರಗಳ ಕಡೆಗೆ ಹಾರಿಹೋಯಿತು. ಸಾಯುವಾಗಲೂ ಘಟೋತ್ಕಚನು ತನ್ನವರ ಹಿತವನ್ನು ಮರೆಯಲಿಲ್ಲ. ದೇಹವನ್ನು ಪರ್ವತದಂತೆ ಬೆಳೆಸಿಕೊಂಡು ಕೌರವಸೈನ್ಯದ ಮೇಲೆಯೇ ಬಿದ್ದು ಅದರ ಒಂದು ಭಾಗವನ್ನು ನುಚ್ಚುಮಾಡಿದನು.

ಪಾಂಡವರ ಪಾಳೆಯದಲ್ಲಿ ದುಃಖ ಉಕ್ಕಿತು. ಕೃಷ್ಣನೊಬ್ಬನು ಮಾತ್ರ ಸಿಂಹನಾದ ಮಾಡಿ, ಅರ್ಜುನನನ್ನು ಅಪ್ಪಿಕೊಂಡು, ಗಾಳಿಗೆ ತೂಗುವ ಮರದಂತೆ ಕುಣಿದನು. ಬೆರಗಾದ ಅರ್ಜುನನಿಗೆ ಅವನು ಕಾರಣ ತಿಳಿಸಿದನು. ಶಕ್ತಿ ಹೋದಮೇಲೆ ಕರ್ಣನು ಸತ್ತಂತೆಯೇ ಎಂದನು. ಕರ್ಣನು ಅದನ್ನು ಅರ್ಜುನನ ಮೇಲೆ ಮೊದಲೇ ಏಕೆ ಎಸೆಯಲಿಲ್ಲವೆಂದು ಸಾತ್ಯಕಿ ಕೇಳಿದಾಗ, ದುರ್ಯೋಧನಾದಿಗಳು ರಾತ್ರಿ ರಾತ್ರಿಯೂ ಅದನ್ನೇ ಕರ್ಣನಿಗೆ ಬೋಧಿಸುತ್ತಿದ್ದರೆಂದೂ, ತಾನು ಅವನ ಮನಸ್ಸನ್ನು ಮರುಳುಗೊಳಿಸುತ್ತಿದ್ದೆನೆಂದೂ, ಆ ಈಟಿಯ ಚಿಂತೆಯಿಂದ ತನಗೆ ನಿದ್ರೆಯೇ ಇರಲಿಲ್ಲವೆಂದೂ ಕೃಷ್ಣನು ಉತ್ತರಿಸಿದನು. ಒಂದು ಈಟಿಯ ಮಹತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ.

ಈಟಿ ಬಿದ್ದುದು ಯಾರ ಮೇಲೆ?

ಇಲ್ಲಿಗೆ ಕಥೆ ಮುಗಿಯಿತೆಂದು ಪುಸ್ತಕವನ್ನು ಮುಚ್ಚಿಬಿಡುವವರು ಬಹಳ. ಆದರೆ ನಾವು ಒಂದು ಸಂಬಂಧವನ್ನು ಲೆಕ್ಕಹಾಕಬೇಕಾಗಿದೆ. ಕರ್ಣನು ಕುಂತಿಯ ಚೊಚ್ಚಲ ಮಗ, ಭೀಮನಿಗೆ ಅಣ್ಣ. ಭೀಮನ ಮಗನಾದ ಘಟೋತ್ಕಚನಿಗೆ ಅವನು ಸಾಕ್ಷಾತ್ ದೊಡ್ಡಪ್ಪ. ಈ ಗುಟ್ಟು ಘಟೋತ್ಕಚನಿಗೆ ತಿಳಿದಿರಲಿಲ್ಲ, ಕರ್ಣನಿಗೆ ತಿಳಿದಿತ್ತು. ಯುದ್ಧಕ್ಕೆ ಮುಂಚೆಯೇ ಕೃಷ್ಣನೂ ಕುಂತಿಯೂ ಬೇರೆಬೇರೆಯಾಗಿ ಅವನಿಗೆ ಹೇಳಿದ್ದರು. ಅರ್ಜುನನನ್ನುಳಿದು ಬೇರೆ ನಾಲ್ವರು ಮಕ್ಕಳನ್ನು ಕೊಲ್ಲುವುದಿಲ್ಲವೆಂದು ಕುಂತಿಗೆ ಅವನು ಮಾತುಕೊಟ್ಟು, ಆ ಮಾತನ್ನು ಕಡೆಯವರೆಗೂ ನಡೆಸಿದನು. ಮೊಮ್ಮಗನ ವಿಷಯವನ್ನು ಕುಂತಿ ಕೇಳಿರಲಿಲ್ಲ. ಹೀಗೆ ತಮ್ಮನಿಗೆಂದು ಕಾದಿಟ್ಟ ಈಟಿ ತಮ್ಮನ ಮಗನಿಗೆ ತಗುಲಿತು.

ಇನ್ನೂ ಒಂದು ಸಾಮ್ಯವನ್ನು ಗಮನಿಸಿರಿ. ಕರ್ಣನು ಪೆಟ್ಟಿಗೆಯಲ್ಲಿ ಹೊಳೆಯ ಪಾಲಾಗಿ, ಸೂತನಾದ ಅಧಿರಥನ ಮನೆಯಲ್ಲಿ ರಾಧೆಯ ಮಡಿಲಲ್ಲಿ ಬೆಳೆದವನು. ಘಟೋತ್ಕಚನು ಕಾಡಿನಲ್ಲಿ ರಾಕ್ಷಸಿಯ ಮಡಿಲಲ್ಲಿ ಬೆಳೆದವನು. ಇಬ್ಬರೂ ಕುಂತಿಯ ರಕ್ತದವರು. ಇಬ್ಬರೂ ಅರಮನೆಯ ಹೊರಗಿನವರು. ಅರಮನೆಯ ಮಗನೊಬ್ಬನು ಉಳಿಯುವುದಕ್ಕಾಗಿ ಹೊರಗಿನ ಈ ಇಬ್ಬರು ಅರ್ಧರಾತ್ರಿಯಲ್ಲಿ ಎದುರುಬದುರಾದರು. ಒಬ್ಬನು ಆಗಲೇ ಸತ್ತನು. ಇನ್ನೊಬ್ಬನು ಮೂರು ದಿನ ತಡೆದು ಸತ್ತನು. ಮಹಾಭಾರತವು ಇದನ್ನು ಮರೆಮಾಚುವುದಿಲ್ಲ. ಧರ್ಮರಾಯನು ಅಂದು ಅಳುತ್ತ, ವನವಾಸದಲ್ಲಿ ದಣಿದ ದ್ರೌಪದಿಯನ್ನು ಬೆನ್ನಮೇಲೆ ಹೊತ್ತುಕೊಂಡು ನಡೆದವನು ಈ ಮಗುವಲ್ಲವೇ ಎಂದು ನೆನೆಯುವನು. ಗೆಲುವಿನ ಲೆಕ್ಕದಲ್ಲಿ ಘಟೋತ್ಕಚನು ಒಂದು ಬಿಡಿಕಾಸಾಗಿರಬಹುದು; ಹೊತ್ತು ನಡೆದ ಹೆಗಲನ್ನು ಮರೆಯದವರು ಮಾತ್ರ ಹೀಗೆ ಅಳಬಲ್ಲರು.

ಹೊರನಾಡಿನ ಈಟಿಗಳು

ಹೆಸರು ಪಡೆದ ಈಟಿಗಳು ಬೇರೆ ಜನಗಳ ಕಥೆಗಳಲ್ಲಿಯೂ ಉಂಟು. ಉತ್ತರ ಯುರೋಪಿನ ಹಳೆಯ ಕಥೆಗಳಲ್ಲಿ ಓಡಿನ್ ಎಂಬ ದೇವನ ಈಟಿಯ ಹೆಸರು ‘ಗುಂಗ್ನಿರ್’. ಕುಬ್ಜಶಿಲ್ಪಿಗಳು ಮಾಡಿಕೊಟ್ಟ ಅದರ ತಿವಿತವನ್ನು ಯಾವುದೂ ತಡೆಯಲಾರದು. ಜಪಾನಿನ ಹೊಂಡಾ ತದಕತ್ಸು ಎಂಬ ಸೇನಾನಿಯ ಈಟಿಗೆ ‘ತೊಂಬೊಕಿರಿ’ ಎಂಬ ಹೆಸರು. ಅಲಗಿನ ಮೇಲೆ ಬಂದು ಕುಳಿತ ಏರೋಪ್ಲೇನ್ ಚಿಟ್ಟೆ ಎರಡು ತುಂಡಾಯಿತೆಂಬುದು ಆ ಹೆಸರಿನ ಕಥೆ. ಗ್ರೀಕರ ಅಖಿಲೀಸನ ಈಟಿಯು ಪೀಲಿಯನ್ ಬೆಟ್ಟದ ಮರದಿಂದ ಮಾಡಿದುದು. ಅವನ ತಂದೆಗೆ ಬಳುವಳಿಯಾಗಿ ಬಂದ ಅದನ್ನು ಅವನ ಹೊರತು ಬೇರಾರೂ ಬೀಸಲಾರರು. ಗೆಳೆಯನಾದ ಪೆಟ್ರೋಕ್ಲಸನು ಅವನ ಕವಚವನ್ನು ತೊಟ್ಟು ಯುದ್ಧಕ್ಕೆ ಹೋದಾಗಲೂ ಈಟಿಯನ್ನು ಬಿಟ್ಟೇ ಹೋಗಬೇಕಾಯಿತು.

ಕರ್ಣನ ಕಥೆಗೆ ಎಲ್ಲಕ್ಕಿಂತ ಸಮೀಪವಾದುದು ಐರ್ಲೆಂಡಿನ ಕೂ ಹುಲಿನ್ ಎಂಬ ವೀರನ ಕಥೆ. ಅವನ ಈಟಿಯ ಹೆಸರು ‘ಗೇ ಬೊಲ್ಗ’. ಗುರುವಾದ ಸ್ಕಾಥಾಖ್ ಎಂಬ ವೀರಸ್ತ್ರೀಯಿಂದ ಅದನ್ನು ಪ್ರಯೋಗಿಸುವ ವಿದ್ಯೆಯನ್ನು ಅವನು ಕಲಿತನು. ಅದಕ್ಕೆ ಸಿಕ್ಕವನು ಬದುಕಲಾರನು. ಅದರಿಂದ ಅವನು ಕೊಂದುದು ಯಾರನ್ನು? ಒಂದೇ ಗುರುವಿನ ಬಳಿ ಜೊತೆಯಲ್ಲಿ ಕಲಿತ ಪ್ರಾಣಸ್ನೇಹಿತ ಫರ್ದಿಯಾನನ್ನು, ಮತ್ತು ಗುರುತು ಸಿಗದೆ ಎದುರಾದ ತನ್ನ ಸ್ವಂತ ಮಗನನ್ನು. ನಮ್ಮ ರಾಮಾಯಣದಲ್ಲಿಯೂ ಮಯನು ನಿರ್ಮಿಸಿದ, ಎಂಟು ಗಂಟೆಗಳ ಶಕ್ತಿಯೊಂದನ್ನು ರಾವಣನು ಕೈಗೆತ್ತಿಕೊಳ್ಳುವನು. ಅವನ ಕೋಪ ತಮ್ಮನಾದ ವಿಭೀಷಣನ ಮೇಲೆ. ವಿಭೀಷಣನನ್ನು ಕಾಪಾಡಲು ಲಕ್ಷ್ಮಣನು ನಡುವೆ ಬಂದುದರಿಂದ ಅದು ಲಕ್ಷ್ಮಣನ ಎದೆಗೆ ನಾಟಿತು.

ಕಡಲುಗಳಾಚೆಯ ಬೇರೆಬೇರೆ ಜನರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಬಗೆಯ ಕಥೆಯನ್ನು ಹೇಳಿಕೊಂಡಿರುವುದು ಆಲೋಚಿಸತಕ್ಕ ವಿಷಯ. ಗುರಿ ತಪ್ಪದ ಆಯುಧವೊಂದಿದ್ದರೆ ಸಾಕು, ಬಾಳಿನ ತೊಡಕೆಲ್ಲ ಬಿಡಿಸಿಹೋಗುವುದೆಂದು ಮನುಷ್ಯನಿಗೆ ಆಸೆ. ಇಂದು ನೀವು ಮೊಬೈಲು ಫೋನಿನಲ್ಲಿ ಆಡುವ ಆಟಗಳಲ್ಲಿಯೂ ಇಂಥ ಹೆಸರಾಂತ ಈಟಿಗಳು ಬರುತ್ತವೆ. ಅಂಕಗಳನ್ನು ಕೂಡಿಸಿ ಅವನ್ನು ಗಳಿಸಬಹುದು, ಸೋತರೆ ಮತ್ತೆ ಮೊದಲಿನಿಂದ ತೊಡಗಬಹುದು. ಹಳೆಯ ಕಥೆಗಳು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈಟಿ ತಪ್ಪಲಾರದು, ನಿಜ. ಆದರೆ ಅದರ ಎದುರಿಗೆ ಯಾರು ಬಂದು ನಿಲ್ಲುವರೆಂಬುದು ಎಸೆಯುವವನ ಕೈಯಲ್ಲಿಲ್ಲ.

ಕರ್ಣನು ತಪ್ಪಿದನೇ?

ಅಂದು ಕರ್ಣನು ಈಟಿಯನ್ನು ಉಳಿಸಿಕೊಂಡಿದ್ದರೆ ಯುದ್ಧದ ಗತಿಯೇ ಬೇರೆಯಾಗುತ್ತಿತ್ತೆಂದು ಹೇಳುವವರುಂಟು. ಮಗನನ್ನು ಕಳೆದುಕೊಂಡಂತೆ ಅಳುತ್ತಿದ್ದ ಧರ್ಮರಾಯನಿಗೆ ವ್ಯಾಸಮುನಿಗಳೇ ಬಂದು, ಈ ಶಕ್ತಿ ಅರ್ಜುನನ ಮೇಲೆ ಬೀಳದಿದ್ದುದು ನಿಮ್ಮ ಭಾಗ್ಯವೆಂದು ಸಮಾಧಾನ ಹೇಳುವರು. ಹಾಗಾದರೆ ಕರ್ಣನು ಬುದ್ಧಿಗೆಟ್ಟು ಕೆಟ್ಟನೇ?

ನಾವು ಹಾಗೆ ಭಾವಿಸಲಾರೆವು. ಕರ್ಣನ ಜೀವಿತದಲ್ಲಿ ಈ ಈಟಿಗೆ ಸಂಬಂಧಪಟ್ಟಂತೆ ಎರಡು ಮೊರೆಗಳು ಕೇಳಿಬಂದುವು. ಮೊದಲನೆಯದು ಇಂದ್ರನ ಬೇಡಿಕೆ. ಕವಚವನ್ನು ಕೊಡು ಎಂದು. ಎರಡನೆಯದು ಸಾಯುತ್ತಿದ್ದ ತನ್ನವರ ಕೂಗು; ಈಟಿಯನ್ನು ಎಸೆ ಎಂದು. ಮೊದಲನೆಯ ಸಲ ಕೊಟ್ಟರೆ ತನ್ನ ರಕ್ಷೆ ಹೋಗುವುದೆಂದು ಅವನಿಗೆ ಗೊತ್ತಿತ್ತು. ಎರಡನೆಯ ಸಲ ಎಸೆದರೆ ತನ್ನ ಗೆಲುವು ಹೋಗುವುದೆಂದು ಗೊತ್ತಿತ್ತು. ಎರಡು ಸಲವೂ ಅವನು ಇಲ್ಲವೆನ್ನಲಿಲ್ಲ. ಅರ್ಜುನನೊಬ್ಬನ ಮೇಲಿನ ಹಗೆಗಾಗಿ ಅವನು ಈಟಿಯನ್ನು ಬಚ್ಚಿಟ್ಟುಕೊಂಡಿದ್ದು, ಕಣ್ಣೆದುರಿಗೆ ಸಾವಿರಾರು ಕಾಲಾಳುಗಳು ಸಾಯುವುದನ್ನು ನೋಡುತ್ತ ನಿಂತಿದ್ದರೆ, ಅವನು ಅರ್ಜುನನನ್ನು ಗೆದ್ದರೂ ಗೆಲ್ಲಬಹುದಾಗಿತ್ತು, ಕರ್ಣನಾಗಿ ಉಳಿಯುತ್ತಿರಲಿಲ್ಲ. ಇಂದ್ರನ ಕಟ್ಟಳೆಯೂ ಅದೇ ಆಗಿತ್ತಷ್ಟೆ: ಬೇರೆ ದಾರಿಯಿಲ್ಲದೆ ಪ್ರಾಣಕ್ಕೆ ಅಪಾಯ ಬಂದಾಗ ಎಸೆಯಬೇಕು.

ಹಾಗೆಂದು ಈ ಎಸೆತವನ್ನು ನಾವು ಪುಣ್ಯವೆಂದು ಹಾಡುವುದಿಲ್ಲ. ಅದು ಕೆಡಹಿದುದು ತಮ್ಮನ ಮಗನನ್ನು. ಕರ್ಣನು ನಿಂತಿದ್ದ ಪಕ್ಷ ನ್ಯಾಯದ ಪಕ್ಷವಲ್ಲವೆಂಬುದೂ ನಿಜ. ಅಂಗರಾಜ್ಯವನ್ನು ಕೊಟ್ಟು ಮಾನ ಕಾಪಾಡಿದ ಗೆಳೆಯನ ಋಣ ಅವನನ್ನು ಅಲ್ಲಿ ಕಟ್ಟಿಹಾಕಿತ್ತು. ಒಳ್ಳೆಯ ಗುಣವೊಂದು ಕೆಟ್ಟ ಪಕ್ಷದಲ್ಲಿ ಸಿಕ್ಕಿಬಿದ್ದಾಗ ಏನಾಗುವುದೆಂಬುದಕ್ಕೆ ಈ ಈಟಿಗಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ‘ವೈಜಯಂತಿ’ ಎಂಬ ಅದರ ಹೆಸರು ಸುಳ್ಳಾಗಲಿಲ್ಲ. ಅದು ಜಯವನ್ನು ತಂದಿತು, ಆದರೆ ಎದುರು ಪಕ್ಷಕ್ಕೆ.

ವಿದ್ಯಾರ್ಥಿಗಳೇ, ಈ ಪಾಠವನ್ನೋದಿದ ಮೇಲೆ ಮನೆಯಲ್ಲಿ ಹಿರಿಯರಿದ್ದರೆ ಅವರ ಬಾಯಿಂದ ಕರ್ಣನ ಕಥೆಯನ್ನು ಕೇಳಿರಿ. ಅವರು ಹೇಳುವ ಕಥೆ ಇಲ್ಲಿ ಬರೆದುದಕ್ಕಿಂತ ಬೇರೆಯಾಗಿದ್ದರೆ ಅದನ್ನೂ ಬರೆದಿಡಿರಿ. ಪುಣೆಯ ಪಂಡಿತರು ನಲವತ್ತೇಳು ವರ್ಷ ಮಾಡಿದುದು ಇಂಥ ಹೋಲಿಕೆಯ ಕೆಲಸವನ್ನೇ. ಬಳಿಕ ಕೆಳಗಿನ ಪ್ರಶ್ನೆಗಳಿಗೆ ನಿಮ್ಮ ಮಾತಿನಲ್ಲಿ ಉತ್ತರಿಸಲು ಯತ್ನಿಸಿರಿ.

1. ಕರ್ಣನು ಕವಚವನ್ನು ಕೊಟ್ಟು ಈಟಿಯನ್ನು ಪಡೆದುದು ದಾನವೇ, ವಿನಿಮಯವೇ? ‘ಕರ್ಣಭಾರ’ದಲ್ಲಿ ಈ ಸಂದರ್ಭ ಹೇಗೆ ಬದಲಾಗಿದೆ?

2. ಘಟೋತ್ಕಚನ ಮರಣದಲ್ಲಿ ಕೃಷ್ಣನು ಕುಣಿದನು, ಧರ್ಮರಾಯನು ಅತ್ತನು. ಇಬ್ಬರ ಕಾರಣಗಳನ್ನೂ ಹೇಳಿ, ನಿಮ್ಮ ಮನಸ್ಸು ಯಾರ ಕಡೆಗಿದೆಯೆಂಬುದನ್ನು ತಿಳಿಸಿರಿ.

3. ನಿಮ್ಮ ಬಳಿ ಒಂದೇ ಸಲ ಬಳಸಬಹುದಾದ ಬೆಲೆಬಾಳುವ ವಸ್ತುವೊಂದಿದೆ. ನೀವು ಅದನ್ನು ನಿಮ್ಮ ಏಳಿಗೆಗಾಗಿ ಕಾದಿಟ್ಟಿದ್ದೀರಿ. ಅಷ್ಟರಲ್ಲಿ ಕಷ್ಟದಲ್ಲಿರುವವರು ಅದನ್ನು ಬೇಡುತ್ತಾರೆ. ನೀವು ಏನು ಮಾಡುವಿರಿ, ಏಕೆ?

ಮೂರನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ; ಅದನ್ನು ಪ್ರಾಮಾಣಿಕವಾಗಿ ಬರೆದರೆ ಸಾಕು.